ಇಂಗಿನ ಹೊಗೆ ಹಿಡಿದ ನೀಲಿ ಡ್ರಮ್ಮು

ಆಹಾರ ಸುರಕ್ಷತಾ ಅಧಿಕಾರಿಗಳಾಗಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗೀಗ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕುರ್ಚಿಯ ತುದಿಯಲ್ಲಿ ಕೂತು 'ಸರ್, ಏನಾದ್ರೂ ಅನುಭವ ಹೇಳಿ' ಅನ್ನುತ್ತಾರೆ. ನಾನು ಮೊದಲು ಅವರ ಚೀಲದಲ್ಲಿರುವ ನೀರಿನ ಬಾಟಲಿ ಇಸಕೊಂಡು, ತಲೆಕೆಳಗು ಮಾಡಿ, ತಳ ಓದುತ್ತೇನೆ. ಆಮೇಲೆ ಮುಖ ಸಣ್ಣ ಮಾಡಿಕೊಂಡು 'ಇದ್ರಲ್ಲಿ ಎಷ್ಟು ದಿನದಿಂದ ಕುಡೀತಿದೀಯ? ಮದುವೆ ಆಗಿದ್ಯಾ?' ಎಂದು ಕೇಳುತ್ತೇನೆ. ಮಕ್ಕಳ ಮುಖದ ರಕ್ತ ಇಳಿದುಹೋಗುತ್ತದೆ. ಬಾಟಲಿಯಲ್ಲಿ ಯಾವ ದೋಷವೂ ಇರುವುದಿಲ್ಲ. ಆದರೆ ಆ ದಿನದಿಂದ ಅವರು ಏನೇ ಕೈಗೆತ್ತಿಕೊಂಡರೂ ಮೊದಲು ತಳ ನೋಡುತ್ತಾರೆ. ಶಿವಮೊಗ್ಗದ ತರಬೇತಿಯಲ್ಲಿ ಒಂದು ವಾರ ಕೂರಿಸಿ ಹೇಳಿಕೊಟ್ಟರೂ ಬಾರದ ಅಭ್ಯಾಸ ನನ್ನ ಜಗಲಿಯಲ್ಲಿ ಒಂದು ನಿಮಿಷಕ್ಕೆ ಬರುತ್ತದೆ.

ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬುದನ್ನೆಲ್ಲ ನನ್ನ ಹೆಂಡತಿಯನ್ನು ಕೇಳಿ. ಅವಳಿಗೆ ಇವತ್ತಿಗೂ ಸಿಟ್ಟಿದೆ, ಚೆನ್ನಾಗಿ ನೆನಪಿಟ್ಟಿದ್ದಾಳೆ. ನಾನು ಕೆಲಸದ ವಿಷಯ ಹೇಳುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ನನ್ನಷ್ಟು ಅಡುಗೆಮನೆಗಳ ಹಿಂಬಾಗಿಲು ನೋಡಿದ ಗಂಡಸು ಇನ್ನೊಬ್ಬನಿಲ್ಲ. ಜಂಬ ಎಂದುಕೊಳ್ಳಿ, ನನಗೇನೂ ಬೇಸರವಿಲ್ಲ.

ನಾನು ಸೇರಿದ ಕಾಲದಲ್ಲಿ ನಮ್ಮ ಕಣ್ಣೆಲ್ಲ ಪದಾರ್ಥದ ಮೇಲಿತ್ತು. ಹಾಲಿಗೆ ನೀರು, ಮೆಣಸಿನ ಪುಡಿಗೆ ಬಣ್ಣ. ಪದಾರ್ಥ ಯಾವುದರಲ್ಲಿ ಕೂತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಆಮೇಲೆ ನಿಯಮಗಳು ಬಿಗಿಯಾದವು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕು ಆಹಾರಕ್ಕೆಂದೇ ತಯಾರಾಗಿರಬೇಕು, ತಳದಲ್ಲಿ ಲೋಟ ಮತ್ತು ಮುಳ್ಳುಚಮಚದ ಗುರುತಿರಬೇಕು, ಬೇರೆ ಯಾವುದಕ್ಕೋ ಬಳಸಿದ ಡಬ್ಬಿ ಊಟದ ಹತ್ತಿರ ಸುಳಿಯಬಾರದು. ತ್ರಿಕೋನದೊಳಗೆ ಒಂದು ಅಂಕಿ ಇದ್ದರೆ ಜನ 'ಇದು ಒಳ್ಳೇದು' ಅಂದುಕೊಳ್ಳುತ್ತಾರೆ. ಆ ಅಂಕಿ ಹೇಳುವುದು ಪ್ಲಾಸ್ಟಿಕ್ಕಿನ ಜಾತಿಯನ್ನು ಮಾತ್ರ, ಅದರ ನಡತೆಯನ್ನಲ್ಲ. ಪ್ರಯೋಗಾಲಯದಲ್ಲಿ ಅದನ್ನು ಹುಳಿನೀರಿನಲ್ಲೋ ಎಣ್ಣೆಯಲ್ಲೋ ಬೆಚ್ಚಗೆ ಮುಳುಗಿಸಿಟ್ಟು, ಏನು ಎಷ್ಟು ಬಿಟ್ಟುಕೊಟ್ಟಿತು ಎಂದು ಅಳೆಯುತ್ತಾರೆ. ಹುಳಿ, ಉಪ್ಪು, ಎಣ್ಣೆ, ಬಿಸಿ, ಇವು ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗಿನ ಗುಟ್ಟನ್ನು ಹೊರಗೆಳೆಯುತ್ತವೆ.

ಈ ಕೆಲಸದ ಕಷ್ಟ ಇರುವುದು ಇಲ್ಲಿ. ಹಳಸಿದ ಪಲ್ಯ ತಿಂದವನು ಸಂಜೆಯೊಳಗೆ ಆಸ್ಪತ್ರೆ ಸೇರುತ್ತಾನೆ, ಎಲ್ಲರೂ ನಂಬುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಹಾಗೆ ಯಾರೂ ಬೀಳುವುದಿಲ್ಲ. 'ಯಾರ್ ಸತ್ತಿದಾರೆ, ತೋರ್ಸಿ ಸಾರ್' ಎಂದು ಹೋಟೆಲಿನವರು ಎದೆ ಮುಂದೆ ಮಾಡಿಕೊಂಡು ಕೇಳುತ್ತಾರೆ. ತೋರಿಸಲು ನಮ್ಮ ಹತ್ತಿರ ಯಾರೂ ಇರುವುದಿಲ್ಲ.

ಅದಕ್ಕೇ ನಾನು ಹೆದರಿಸುವುದನ್ನು ಬಿಟ್ಟು ಹೊಗಳುವುದನ್ನು ಕಲಿತೆ. ಸಾಗರದ ಒಂದು ಹೋಟೆಲಿನಲ್ಲಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಾರೆ ಎಂಬ ದೂರು ಬಂದಿತ್ತು. ನಮ್ಮವರು ಎರಡು ಸಲ ನುಗ್ಗಿದ್ದರು. ಎರಡು ಸಲವೂ ತಟ್ಟೆಯಲ್ಲಿ ಬಿಳಿ ಬಟ್ಟೆ. ನಾನು ಲುಂಗಿ ಉಟ್ಟು ಹೋಗಿ ಒಂದು ಪ್ಲೇಟ್ ತಿಂದೆ. ಕೈ ತೊಳೆದು ಮಾಲೀಕನ ಹತ್ತಿರ ಹೋಗಿ, "ನಂದೂ ಬೀರೂರಲ್ಲಿ ಹೋಟ್ಲಿದೆ ಕಣಯ್ಯ. ನಮ್ ಇಡ್ಲಿಗೆ ಬಟ್ಟೆ ಗೆರೆ ಬೀಳತ್ತೆ, ನಿಂದು ಹಾಲಿನ ಕೆನೆ ಇದ್ದಂಗಿದೆ. ಇದೇನ್ ಕೈಗುಣನೋ" ಅಂದೆ. ಅವನು ಆಚೀಚೆ ನೋಡಿ, ನನ್ನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋಗಿ, ಹಬೆಯಾಡುವ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ನಾನು ಗುರುತಿನ ಚೀಟಿ ತೆಗೆದಾಗ ಅವನ ಕೈಯಲ್ಲಿ ಹಾಳೆ ಹಾಗೇ ಇತ್ತು. ಪಾಪ, ಒಗೆಯಲು ಜಾಗ ಹುಡುಕುತ್ತಿದ್ದ.

ಇಂಥವು ಬೇಕಾದಷ್ಟಿವೆ. ಆದರೆ ನಿಮಗೆ ಹೇಳಲೇಬೇಕಾದದ್ದು ನಿಟ್ಟೂರಿನ ಶಾರದಕ್ಕನ ವಿಷಯ. ಅವತ್ತು ನನ್ನ ಆಟ ಅರ್ಧ ಮಾತ್ರ ನಡೆಯಿತು.

ಶಾರದಕ್ಕ ಅಪ್ಪೆಮಿಡಿ ಉಪ್ಪಿನಕಾಯಿ ಮಾಡುತ್ತಿದ್ದರು. ಹೊಳೆದಂಡೆಯ ಮರಗಳಿಂದ ಎಳೆ ಮಾವಿನಕಾಯಿ ತೊಟ್ಟು ಮುರಿಯದಂತೆ ಇಳಿಸಿ, ಉಪ್ಪಿನಲ್ಲಿ ಕೂರಿಸಿ, ಮಸಾಲೆ ಬೆರೆಸಿ ಇಟ್ಟರೆ ಎರಡು ವರ್ಷ ಕೆಡುತ್ತಿರಲಿಲ್ಲ. ನಮ್ಮ ಕಡೆ ಮದುವೆ ಗೊತ್ತಾದರೆ ಛತ್ರಕ್ಕಿಂತ ಮೊದಲು ಅವರಿಗೆ ಹೇಳಿ ಬರುವವರಿದ್ದರು. ಅವರ ಪರವಾನಗಿ ತಪಾಸಣೆಗೆಂದು ನಾನು ನಿಟ್ಟೂರಿಗೆ ಹೋದದ್ದು ಒಂದು ಮದುವೆಯ ಬೆಳಿಗ್ಗೆ. ತೀರ್ಥಹಳ್ಳಿಯಲ್ಲಿ ಅವರ ಅಕ್ಕನ ಮಗಳ ಮದುವೆ. ಮನೆಯವರೆಲ್ಲ ಹಿಂದಿನ ದಿನವೇ ಹೋಗಿದ್ದರು. ಸಾಗರದ ಅಂಗಡಿಯವರು ಮಾಲು ಒಯ್ಯಲು ಬರುತ್ತಾರೆಂದು ಇವರೊಬ್ಬರು ಉಳಿದಿದ್ದರು. ರೇಷ್ಮೆ ಸೀರೆ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದರು.

"ಎಂತ ಇನ್ಸ್‌ಪೆಕ್ಟ್ರೆ, ಮದುವೆ ದಿನವೇ ಬಂದ್ರಲೆ. ಬೇಗ ನೋಡಿ ಮುಗ್ಸಿ, ನಂಗೆ ಊಟದ ಹೊತ್ತಿಗಾದ್ರೂ ಮುಟ್ಟವು."

ಉಪ್ಪಿನಕಾಯಿ ಇಡುವ ಕೊಟ್ಟಿಗೆಗೆ ಹೋದೆ. ಯಾವಾಗಲೂ ಸಾಲಾಗಿ ಕೂತಿರುತ್ತಿದ್ದ ಪಿಂಗಾಣಿ ಬರಣಿಗಳು ಮೂಲೆಗೆ ಸರಿದಿದ್ದವು. ಅವುಗಳ ಜಾಗದಲ್ಲಿ ಐದು ದೊಡ್ಡ ನೀಲಿ ಡ್ರಮ್ಮುಗಳು.

"ಬರಣಿ ಸಾಲ್ತಿಲ್ಲೆ. ಈ ವರ್ಷ ಮಿಡಿ ಜಾಸ್ತಿ," ಅಂದರು ಶಾರದಕ್ಕ. "ರಿಪ್ಪನ್‌ಪೇಟೆ ಗುಜರಿ ಬಸಣ್ಣ ಕೊಟ್ಟ. ಮಾವಿನಹಣ್ಣಿನ ಜ್ಯೂಸ್ ಬಂದಿದ್ದಡ."

ನಾನು ಮುಚ್ಚಳ ತೆಗೆದು ಮೂಗು ಇಟ್ಟೆ. ನನ್ನ ಮೂಗಿನ ಬಗ್ಗೆ ಮೂರು ತಾಲ್ಲೂಕಿನಲ್ಲಿ ಕಥೆಗಳಿವೆ. ಆದರೆ ಅಲ್ಲಿ ಬಂದದ್ದು ಇಂಗಿನ ಪರಿಮಳ ಒಂದೇ.

"ಹೊಗೆ ಹಾಕಿದ್ದೀರಾ?"

"ಹಾಕ್ದೆ ಇರ್ತ್ನಾ? ಕೆಂಡದ ಮೇಲೆ ಇಂಗು ಹಾಕಿ, ಒಂದೊಂದನ್ನೂ ಬೋರಲು ಹಿಡಿದು ಹೊಗೆ ಕುಡಿಸಿದ್ದು. ಬರಣಿಗೆ ಮಾಡಿದ್ದು ಇದ್ಕೂ ಮಾಡಿದ್ದಿ. ಮೊದ್ಲು ಎಂತೋ ಒಂಥರ ವಾಸನೆ ಇತ್ತು. ಹೊಗೆ ಕೊಟ್ಟ ಮೇಲೆ ಸಾಪು ಹೋತು."

ಬರಣಿ ಗಾಜಿನಂತೆ ಒಳಗೆ ಏನನ್ನೂ ಕುಡಿಯುವುದಿಲ್ಲ. ಅದಕ್ಕೆ ಕೊಡುವ ಹೊಗೆ ಹುಳು, ಬೂಷ್ಟು ಬಾರದಿರಲೆಂದು. ಪ್ಲಾಸ್ಟಿಕ್ಕು ತನ್ನೊಳಗೆ ಇದ್ದದ್ದನ್ನು ಕುಡಿದಿಟ್ಟುಕೊಳ್ಳುತ್ತದೆ. ಅದಕ್ಕೆ ಹೊಗೆ ಹಾಕಿದರೆ ವಾಸನೆ ಮುಚ್ಚುತ್ತದೆ, ವಸ್ತು ಹಾಗೇ ಇರುತ್ತದೆ. ಅಜ್ಜಿಯ ಕಾಲದಿಂದ ಬಂದ ಶುಚಿಯ ಕ್ರಮವೇ ಇಲ್ಲಿ ಎಚ್ಚರಿಕೆಯ ಗಂಟೆಯ ನಾಲಿಗೆ ಕಿತ್ತಿತ್ತು.

ಟಾರ್ಚು ಹಿಡಿದು ಡ್ರಮ್ಮುಗಳನ್ನು ಸುತ್ತಲೂ ತಡಕಿದೆ. ಚೀಟಿಗಳನ್ನು ಚೆನ್ನಾಗಿ ಕೆರೆದು ತೆಗೆದಿದ್ದರು. ಮೂರನೆಯದರ ಹಿಡಿಕೆಯ ಸಂದಿಯಲ್ಲಿ ಉಗುರಿನಷ್ಟು ಕಾಗದ ಉಳಿದಿತ್ತು. ಅದರಲ್ಲಿ ಹಳದಿ ಬಣ್ಣದ ಚೂಪು ತುದಿ. ಕೀಟನಾಶಕ, ಕಳೆನಾಶಕದ ಚೀಟಿಯ ಮೇಲೆ, ತನ್ನದೇ ಒಂದು ಮೂಲೆಯ ಮೇಲೆ ನಿಂತಂಥ ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ವಿಷ ಎಷ್ಟು ಜೋರು ಎಂದು ಹೇಳುತ್ತದೆ. ಹಳದಿ ಎಂದರೆ ಜೋರೇ.

"ಶಾರದಕ್ಕ, ಈ ಬಸಣ್ಣನ ಡ್ರಮ್ಮು ಐದೇ ಅಲ್ವಾ?"

"ಇನ್ನೊಂದು ಚಿಕ್ಕದಿತ್ತು," ಅಂದರು. "ಮದುವೆಗೆ ತುಂಬಿ ನಿನ್ನೆನೇ ಕಳ್ಸಿದ್ದಿ." ನನ್ನ ಮುಖ ನೋಡಿದರು. "ಎಂತಕ್ಕೆ ಕೇಳ್ತ್ರಿ?"

ಹೇಳಿದೆ. ಅವರು ಕೊಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ನನ್ನ ಕೈಗೆ ಕೊಟ್ಟು, ಜೀಪು ಹತ್ತಿದರು.

ನಿಟ್ಟೂರಿನಿಂದ ಹೊರಟರೆ ಕಾಡಿನ ದಾರಿಯಲ್ಲಿ ಫೋನು ಬರೀ ಗಡಿಯಾರ. ನಗರ ಎಂಬ ಊರಿನ ಹತ್ತಿರ ಸಿಗ್ನಲ್ ಬಂದದ್ದೇ ತಡ, ಶಾರದಕ್ಕ ಅಕ್ಕನಿಗೆ ಹಚ್ಚಿದರು, ಗಂಡನಿಗೆ ಹಚ್ಚಿದರು, ಅಡುಗೆ ಭಟ್ಟರಿಗೆ ಹಚ್ಚಿದರು. ವಾಲಗದ ಗಲಾಟೆಯಲ್ಲಿ ಯಾರೂ ಎತ್ತಲಿಲ್ಲ. ಭಟ್ಟರ ಫೋನು ಆಫ್.

"ಬಸಣ್ಣನ ನಂಬರ್ ಕೊಡಿ," ಅಂದೆ.

"ಬೈತ್ರಾ?"

"ಬೈದ್ರೆ ಜ್ಯೂಸ್ ಡ್ರಮ್ಮೇ ಅಂತಾನೆ. ನೀವು ಸುಮ್ನೆ ಕೇಳಿಸ್ಕೊಳಿ."

ಗಂಟಲು ಸರಿಮಾಡಿಕೊಂಡು ದೊಡ್ಡ ತೋಟದ ಯಜಮಾನನ ದನಿ ತೆಗೆದೆ. ಶಾರದಕ್ಕನಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದೆ.

"ಬಸಣ್ಣನಾ? ಯಡೂರಿಂದ ಮಾರಾಯ. ತೋಟಕ್ಕೆ ಔಷಧಿ ಕಲಸೋಕೆ ಡ್ರಮ್ ಬೇಕಿತ್ತು. ಆದ್ರೆ ನಿನ್ ಹತ್ರ ಬರೀ ಜ್ಯೂಸಿನ ಡ್ರಮ್ಮಂತೆ, ತೆಳ್ಳಗಂತೆ. ನಂಗೆ ಗಟ್ಟಿದು ಬೇಕು. ಬಿಡು, ಸಾಗರದಲ್ಲೇ ನೋಡ್ತೀನಿ."

"ಯಾವನ್ ಸಾರ್ ಹೇಳಿದ್ದು ನಿಮ್ಗೆ?" ಬಸಣ್ಣನಿಗೆ ಚುಚ್ಚಿತು. "ದೊಡ್ಡವು ಎಲ್ಲ ಕಳೆ ಔಷಧಿ ಬಂದಿದ್ದು. ಆಸಿಡ್ ಹಾಕಿದ್ರೂ ಅಲ್ಲಾಡಲ್ಲ."

"ಔಷಧಿದಾದ್ರೆ ಚೀಟಿ ಇರ್ಬೇಕಲ್ಲಯ್ಯ."

"ಚೀಟಿ ನಾನೇ ಕೆರೆಸೋದು ಸಾರ್. ನಿಟ್ಟೂರ್ ಕಡೆ ಉಪ್ಪಿನಕಾಯಿ ಅಮ್ಮಾರು ಒಬ್ರು ಒಯ್ದಿದಾರೆ, ಅದೇ ಲೋಡಿಂದು. ಬಿಸ್ನೀರಲ್ಲಿ ತೊಳ್ಕೊಳಿ ಅಂದೆ. ಇವತ್ತಿನವರೆಗೂ ಒಂದ್ ಮಾತು ಬಂದಿಲ್ಲ."

ಶಾರದಕ್ಕನ ಕೈ ಮುಂದಿನ ಸೀಟಿನ ಕಂಬಿಯನ್ನು ಹಿಡಿದಿತ್ತು.

"ಚಿಕ್ಕ ಡ್ರಮ್ಮೂ ಅದೇ ಲೋಡಾ?" ಎಂದು ಕೇಳಿದೆ. ಅಲ್ಲಿ ಒಂಚೂರು ಅವಸರವಾಯಿತು.

"ಚಿಕ್ಕದ್ರ ವಿಷ್ಯ ಯಾಕೆ ಸಾರ್? ನೀವು ಯಡೂರಲ್ಲಿ ಯಾರ ಮನೆ?" ಅಂದ. ಕರೆ ಕಡಿದುಹೋಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಐದು ದೊಡ್ಡ ಡ್ರಮ್ಮಿನ ಸತ್ಯ ಸಿಕ್ಕಿತ್ತು. ಈಗ ಊಟಕ್ಕೆ ಬಡಿಸಲಿರುವ ಚಿಕ್ಕದರ ಸತ್ಯ ಸಿಗಲಿಲ್ಲ.

ಮೇಲಿನವರಿಗೆ ತಿಳಿಸಬೇಕಲ್ಲ ಎಂದು ಜಿಲ್ಲೆಯ ಸಾಹೇಬರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ, ಆದರೆ ಕಾಗದ ಕೈಯಲ್ಲಿಲ್ಲದೆ ಸೀನುವವರೂ ಅಲ್ಲ.

"ಆ ಚಿಕ್ಕ ಡ್ರಮ್ಮಿನ ಬಗ್ಗೆ ನಿಮ್ಮ ಹತ್ರ ಏನು ಆಧಾರ ಇದೆ?"

"ಕೊಟ್ಟವನು ಒಬ್ನೇ ಸರ್. ಅಷ್ಟೆ."

"ಅದು ಆಧಾರ ಅಲ್ಲ. ಮದುವೆ ಮನೆಗೆ ನುಗ್ಗಿ ಗಲಾಟೆ ಮಾಡ್ಬೇಡಿ. ಸ್ಯಾಂಪಲ್ ತೆಗೀರಿ, ವರದಿ ಬರ್ಲಿ."

"ವರದಿ ಬರೋ ಹೊತ್ತಿಗೆ ಮದುಮಗಳು ಬಸುರಿ ಆಗಿರ್ತಾಳೆ ಸರ್."

"ತಮಾಷೆ ಬೇಡ. ತಪ್ಪಾದ್ರೆ ನಾನು ನಿಮ್ಮ ಹಿಂದೆ ನಿಲ್ಲಲ್ಲ, ಈಗ್ಲೇ ಹೇಳಿದೀನಿ."

ನಾನು ಫೋನಿನ ಬಾಯಿಯ ಮೇಲೆ ಉಗುರಿನಿಂದ ಪರಪರ ಕೆರೆಯುತ್ತ "ಹಲೋ, ಹಲೋ ಸರ್, ಕೇಳ್ತಿಲ್ಲ" ಎಂದು ಇಟ್ಟುಬಿಟ್ಟೆ.

"ಸಿಗ್ನಲ್ ಇದ್ದಲೆ," ಅಂದರು ಶಾರದಕ್ಕ.

"ಇದೆ," ಅಂದೆ.

ನೀವು ಇದನ್ನು ಮಾಡಬೇಡಿ. ಈಗಿನ ಫೋನುಗಳಲ್ಲಿ ಸಿಕ್ಕಿಬೀಳುತ್ತೀರಿ.

ಮಾಸ್ತಿಕಟ್ಟೆಯ ಇಳಿಜಾರಿನಲ್ಲಿ ಮರದ ನಾಟಾ ತುಂಬಿದ ಲಾರಿಯೊಂದು ಮುಂದೆ ಸಿಕ್ಕಿ ತಿರುವಿನ ಮೇಲೆ ತಿರುವು ತೆವಳಿತು. ನಮ್ಮ ಡ್ರೈವರ್ ಈಶ್ವರ ಹಾರನ್ ಮೇಲೆ ಕೈಯಿಟ್ಟೇ ಕೂತ. ನಾನು ಉಪಾಯ ಹೊಸೆಯುತ್ತಿದ್ದೆ. ಶಾರದಕ್ಕನ ಹೆಸರು ಕೆಡದೆ ಉಪ್ಪಿನಕಾಯಿ ಎದ್ದುಹೋಗಬೇಕು.

"ಛತ್ರಕ್ಕೆ ಹಾವು ಬಂತು ಅಂತ ಕೂಗ್ತೀನಿ. ಜನ ಏಳ್ತಾರೆ, ನಾವು ಎಲೆ ಎತ್ತಿಸ್ಬಿಡೋಣ."

"ಎದ್ದವು ಮತ್ತೆ ಕೂರ್ತ. ಮತ್ತೆ ಎಲೆ ಹಾಕ್ತ. ಮತ್ತೆ ಅದೇ ಉಪ್ಪಿನಕಾಯಿ ಬಡಿಸ್ತ."

"ಹಂಗಾದ್ರೆ ಮಸಾಲೆ ಕೆಟ್ಟಿದೆ, ಖಾರ ಜಾಸ್ತಿ ಆಗಿದೆ ಅಂತ ಏನಾದ್ರೂ—"

"ಖಾರ ಜಾಸ್ತಿ ಅಂದ್ರೆ ನಮ್ಮ ಕಡೆ ಗಂಡಸ್ರು ಪಣ ಕಟ್ಟಿ ತಿಂತ." ಅವರು ರಸ್ತೆ ನೋಡುತ್ತಲೇ ಇದ್ದರು. "ಎಲೆ ಹಾಕಿದ ಕೂಡ್ಲೆ ಮೊದ್ಲು ಉಪ್ಪು, ಅದ್ರ ಬೆನ್ನಿಗೆ ನನ್ನ ಮಿಡಿ. ಮತ್ತೆ ಪಲ್ಯ, ಕೋಸಂಬರಿ. ಕಡೆಗೆ ತುಪ್ಪ. ತುಪ್ಪ ಬೀಳದೆ ಯಾರೂ ಕೈ ಇಡ್ತ್ವಿಲ್ಲೆ. ನೀವು ತುಪ್ಪ ನಿಲ್ಸಿ. ಉಳಿದದ್ದು ಆನು ನೋಡ್ಕಂತೆ."

ಛತ್ರ ಮುಟ್ಟಿದಾಗ ಮೊದಲ ಪಂಕ್ತಿ ಕೂತಾಗಿತ್ತು. ಸಾಲುಸಾಲು ಬಾಳೆಎಲೆ, ಪ್ರತಿ ಎಲೆಯ ಎಡತುದಿಯಲ್ಲಿ ಕೆಂಪು ರಸದೊಳಗೆ ಒಂದೊಂದು ಮಿಡಿ. ಅನ್ನ ಬಿದ್ದಾಗಿತ್ತು. ತುಪ್ಪದ ಗಿಂಡಿ ಹಿಡಿದವನು ಆಗಷ್ಟೇ ಮೊದಲ ಸಾಲಿನ ತುದಿಯಲ್ಲಿ ಬಗ್ಗಿದ್ದ. ನಾನು ಶೂಸು ಬಿಚ್ಚಲೂ ಇಲ್ಲ. ಓಡಿಹೋಗಿ ಗಿಂಡಿಯನ್ನೇ ಹಿಡಿದುಕೊಂಡೆ.

"ಈ ತುಪ್ಪ ಯಾವ ಡಬ್ಬಿಲಿ ಬಂತು?"

"ತುಪ್ಪದ ಡಬ್ಬಿಲಿ," ಅಂದ ಅವನು.

"ಡಬ್ಬಿ ತೋರ್ಸು. ತಳ ನೋಡ್ಬೇಕು."

"ಸ್ವಾಮಿ, ಜನ ಕೂತಿದ್ದ."

"ಕೂತಿರ್ಲಿ. ಸರ್ಕಾರದ ಆರ್ಡರ್." ಹಾಗೊಂದು ಆರ್ಡರ್ ಜಗತ್ತಿನಲ್ಲೇ ಇರಲಿಲ್ಲ. ಅವನು ಎಳೆದ, ನಾನು ಎಳೆದೆ. ತುಪ್ಪ ನನ್ನ ಅಂಗಿಯ ಮೇಲೆ ಇಳಿಯಿತು. ಇಡೀ ಛತ್ರ ಕತ್ತು ತಿರುಗಿಸಿ ನಮ್ಮಿಬ್ಬರನ್ನು ನೋಡಿತು. ನನಗೆ ಬೇಕಿದ್ದದ್ದೂ ಅದೇ.

ಅಷ್ಟರಲ್ಲಿ ಶಾರದಕ್ಕ ಒಂದು ಬಕೆಟ್ ಹಿಡಿದು ಮೊದಲ ಎಲೆಯ ಮುಂದೆ ಬಗ್ಗಿದ್ದರು. ಬೆರಳಿನಿಂದ ಮಿಡಿ ಎತ್ತಿ, ಕೆಳಗಿನ ರಸದ ಸಮೇತ ಎಲೆಯ ತುದಿ ಹರಿದು ಬಕೆಟ್ಟಿಗೆ ಹಾಕಿದರು. ಮುಂದಿನ ಎಲೆ. ಅದರ ಮುಂದಿನದು. ದನಿ ಏರಿಸದೆ ಒಂದೇ ಮಾತು ಹೇಳುತ್ತ ಹೋದರು. "ಡ್ರಮ್ಮು ವಿಷದ್ದಿರ್ಲಕ್ಕು. ಗೊತ್ತಿಲ್ಲೆ. ತಿನ್ನಡಿ."

ನಾನು ಒಳ್ಳೆಯ ಸುಳ್ಳೊಂದನ್ನು ಕೊನೆಯವರೆಗೂ ಹುಡುಕುತ್ತಿದ್ದೆ. ಅವರು ಸುಳ್ಳಿನ ಗೋಜಿಗೇ ಹೋಗಲಿಲ್ಲ. ಅಕ್ಕ ಓಡಿಬಂದು ಅವರ ರಟ್ಟೆ ಹಿಡಿದರು. "ಶಾರದಾ, ಬೀಗರ ಎದ್ರಿಗೆ ಎಂತ ಮಾಡ್ತಾ ಇದ್ದೆ? ಸುಮ್ಮನೆ ಒಳಗೆ ಬಾ."

"ಬತ್ತೆ. ಇನ್ನು ಎರಡು ಸಾಲು ಇದ್ದು."

ಎರಡನೆಯ ಸಾಲಿನ ನಡುವೆ ಒಬ್ಬ ಮುದುಕರು ಮಿಡಿಯ ಮೇಲೆ ಅಂಗೈ ಮುಚ್ಚಿಕೊಂಡು ಕೂತಿದ್ದರು. ಶಾರದಕ್ಕನ ದೂರದ ಸೋದರಮಾವ.

"ಕೂಸೆ, ನೀ ಮಾಡಿದ ಉಪ್ಪಿನಕಾಯಿ ನಾ ಇಪ್ಪತ್ತು ವರ್ಷದಿಂದ ತಿಂತಾ ಇದ್ದಿ. ನೀ ಮಾಡಿದ್ದು ಅಂದ್ಮೇಲೆ ಮುಗೀತು. ಯಾವ ಇನ್ಸ್‌ಪೆಕ್ಟ್ರ ಮಾತೂ ಬೇಡ."

"ಮಾವಯ್ಯ, ಕೈ ತೆಗಿ."

"ತೆಗೀತ್ನಿಲ್ಲೆ."

"ನನ್ನ ನಂಬಿದ್ಯಲ, ಅದ್ಕೇ ಹೇಳ್ತಾ ಇದ್ದಿ, ತೆಗಿ."

ಮುದುಕರು ಅವರ ಮುಖ ನೋಡಿದರು. ಶಾರದಕ್ಕ ಬಕೆಟ್ಟನ್ನು ಎಲೆಯ ಪಕ್ಕಕ್ಕೆ ತಂದು ಹಿಡಿದರು. ಮುದುಕರು ನಿಧಾನಕ್ಕೆ ಕೈ ಎತ್ತಿದರು.

ಆ ದಿನ ಮದುವೆಯ ಊಟ ಉಪ್ಪಿನಕಾಯಿಯಿಲ್ಲದೆ ಆಯಿತು. ಶಾರದಕ್ಕ ಊಟಕ್ಕೆ ಕೂರಲಿಲ್ಲ. ಚಿಕ್ಕ ಡ್ರಮ್ಮಿಗೆ ಸೀಲು ಹಾಕಿ, ಸ್ಯಾಂಪಲ್ ತೆಗೆದು, ಅವರನ್ನೂ ಡ್ರಮ್ಮನ್ನೂ ನಿಟ್ಟೂರಿಗೆ ಮುಟ್ಟಿಸಿದೆ. ಅಲ್ಲಿ ಐದು ದೊಡ್ಡ ಡ್ರಮ್ಮುಗಳಿಂದಲೂ ಸ್ಯಾಂಪಲ್ ತೆಗೆದೆ. ಸುದ್ದಿ ಮಾತ್ರ ನಮ್ಮ ಜೀಪಿಗಿಂತ ಮುಂದೆ ಓಡಿತ್ತು. ಸಾಗರದ ಅಂಗಡಿಯವರು ಮಾಲು ಬೇಡ ಅಂದರು. ಹೇಳಿಟ್ಟಿದ್ದ ಮದುವೆಗಳವರು ಬೇರೆ ಕಡೆ ನೋಡಿಕೊಂಡರು. ಎಷ್ಟೋ ವರ್ಷ ಮಸಾಲೆಯಲ್ಲಿ ಕೈ ಉರಿಸಿಕೊಂಡು ಗಳಿಸಿದ ಹೆಸರು ಒಂದು ಪಂಕ್ತಿಯಲ್ಲಿ ಹೋಗಿತ್ತು. ಬಸಣ್ಣ ತಾನು ಕೊಟ್ಟದ್ದು ತೋಟದ ಕೆಲಸಕ್ಕೆ ಎಂದು ಹೇಳಿಕೆ ಕೊಟ್ಟ. ಅವನ ಮೇಲೆ ಕೇಸು ಹಾಕಿದ್ದೇನೋ ಹೌದು, ಆದರೆ ಅದರಿಂದ ಶಾರದಕ್ಕನಿಗೆ ಏನೂ ಮರಳಲಿಲ್ಲ.

ವರದಿ ಬಂತು. ಸಾಹೇಬರು ನನ್ನನ್ನು ಶಿವಮೊಗ್ಗಕ್ಕೆ ಕರೆಸಿ ಮೇಜಿನ ಮೇಲೆ ಇಟ್ಟರು. ಐದು ದೊಡ್ಡ ಡ್ರಮ್ಮಿನ ಉಪ್ಪಿನಕಾಯಿಯಲ್ಲಿ ಕಳೆನಾಶಕ ಸಿಕ್ಕಿತ್ತು, ತಿನ್ನಲು ಯೋಗ್ಯವಲ್ಲ. ಚಿಕ್ಕದರಲ್ಲಿ ಏನೂ ಇರಲಿಲ್ಲ. ಅದು ಬೇರೆ ಲೋಡಿನದು, ಡ್ರಮ್ಮೂ ಆಹಾರಕ್ಕೆಂದೇ ಮಾಡಿದ್ದು. ಸೀಲು ಹಾಕುವಾಗಲೇ ಅದರ ತಳದ ಗುರುತು ಕಂಡಿತ್ತು, ಆದರೆ ನಡುವೆ ಅದರಲ್ಲಿ ಏನು ತುಂಬಿದ್ದರೆಂದು ಗುರುತು ಹೇಳುವುದಿಲ್ಲ.

"ಮದುವೆ ಮನೆ ಉಪ್ಪಿನಕಾಯಿ ಸರಿ ಇತ್ತು," ಅಂದರು ಸಾಹೇಬರು. "ನಾನು ಅವತ್ತೇ ಹೇಳಿದ್ದೆ."

"ಸಿಗ್ನಲ್ ಇರ್ಲಿಲ್ಲ ಸರ್," ಅಂದೆ.

ನಿಟ್ಟೂರಿಗೆ ಹೋಗುವುದನ್ನು ಎರಡು ದಿನ ಮುಂದೂಡಿದೆ. ಅಂಗಡಿಯವರ ಹೊಡೆತ, ರಾಜಕಾರಣಿಗಳ ಬೆದರಿಕೆ ಎಲ್ಲ ಕಂಡವನು ನಾನು. ಒಬ್ಬ ಹೆಂಗಸಿಗೆ 'ನಿಮ್ಮ ಉಪ್ಪಿನಕಾಯಿ ಚೆನ್ನಾಗಿತ್ತು' ಎಂದು ಹೇಳಲು ಕಾಲು ಬರಲಿಲ್ಲ.

ಮೂರನೆಯ ದಿನ ಹೋದೆ. ಮೊದಲು ಐದು ಡ್ರಮ್ಮುಗಳ ಕೆಲಸ. ಮನೆಯಿಂದಲೂ ಬಾವಿಯಿಂದಲೂ ದೂರ ಗುಂಡಿ ತೋಡಿಸಿ, ಸುಣ್ಣ ಬೆರೆಸಿ ಸುರಿಸಿದೆ. ಮತ್ತೆ ಯಾವ ಬಸಣ್ಣನ ಕೈಗೂ ಸಿಗದಂತೆ ಡ್ರಮ್ಮುಗಳನ್ನು ಕತ್ತರಿಸಿ ಹಾಕಿಸಿದೆ. ಆ ವರ್ಷದ ಮಿಡಿಯೆಲ್ಲ ಮಣ್ಣಿಗೆ ಹೋಗುವುದನ್ನು ಶಾರದಕ್ಕ ನಿಂತು ನೋಡಿದರು. ಆಮೇಲೆ ಚಿಕ್ಕ ಡ್ರಮ್ಮಿನ ಕಡೆ ಕಣ್ಣು ಮಾಡಿದರು.

"ಇದು?"

"ಇದು ಸರಿ ಇದೆ," ಅಂದೆ. "ಶುದ್ಧ ಇದೆ ಶಾರದಕ್ಕ. ಸೀಲು ತೆಗೆಯೋಕೆ ಬಂದೆ."

ಅವರು ಬಗ್ಗಿ ಸೀಲಿನ ಮೇಲಿನ ಧೂಳು ಒರೆಸಿದರು.

"ಹಂಗಾರೆ ಆ ದಿನ ತಿನ್ಲಕ್ಕಿತ್ತು."

"ತಿನ್ಬೋದಿತ್ತು."

"ಹ್ಞೂಂ. ಸೀಲು ತೆಗೀರಿ. ಹೊತ್ತಾತು, ಊಟ ಮಾಡ್ಕಂಡೇ ಹೋಗಿ."

ಬೇಡವೆನ್ನುವ ಮುಖ ನನಗಿರಲಿಲ್ಲ. ಎಲೆ ಹಾಕಿದರು. ಉಪ್ಪು, ಅದರ ಪಕ್ಕ ಒಂದು ಮಿಡಿ, ಅನ್ನ, ಬ್ರಾಹ್ಮಿ ತಂಬುಳಿ. ನಾನು ಅನ್ನ ಕಲಸಿ ಮಿಡಿಗೆ ಕೈ ಹಾಕುವಾಗ ಅವರು ಬಾಗಿಲಿಗೆ ಒರಗಿ ನಿಂತು ಹೇಳಿದರು.

"ಅದೇ ಡ್ರಮ್ಮಿಂದು. ಈಗ ತೆಗ್ದೆ."

ನನ್ನ ಕೈ ನಿಂತಿತು. ವರದಿ ನನ್ನ ಜೇಬಿನಲ್ಲೇ ಇತ್ತು. ಅದಕ್ಕೆ ಸಹಿ ಹಾಕಿದವರು ನನಗಿಂತ ಹೆಚ್ಚು ಓದಿದವರು. ಐದು ನಿಮಿಷದ ಹಿಂದೆ ನನ್ನ ಬಾಯಿಂದಲೇ ಶುದ್ಧ ಎಂದಿದ್ದೆ. ಅಷ್ಟಾದರೂ ಬೆರಳು ಎಲೆಯ ಮೇಲೆ ಗೇಣುದ್ದ ಎತ್ತರದಲ್ಲಿ ನಿಂತೇ ಇತ್ತು. ಕೆಳಗಿಳಿಯಲಿಲ್ಲ.

ಶಾರದಕ್ಕ ಬಂದು ಬಗ್ಗಿದರು. ಮಿಡಿಯನ್ನು ಬೆರಳಿನಿಂದ ಎತ್ತಿ, ಎಲೆಯ ತುದಿ ಹರಿದು ತೆಗೆದರು.

"ಇಷ್ಟೇ ನೋಡ್ಬೇಕಿತ್ತು ನಂಗೆ," ಅಂದರು. "ಕಾಗ್ದ ಇದ್ದೂ ನಿಮ್ಮ ಕೈ ಇಳೀತಿಲ್ಲೆ. ಆ ದಿನ ಕಾಗ್ದನೂ ಇರ್ಲಿಲ್ಲೆ. ಮಾಡಿದ್ದು ಸರಿ ಆತು."

ಒಳಗೆ ಹೋಗಿ ಬರಣಿಯಿಂದ ಬೇರೊಂದು ಮಿಡಿ ತಂದು ಬಡಿಸಿದರು. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಅವರು ಚಿಕ್ಕ ಡ್ರಮ್ಮನ್ನು ಗುಂಡಿಯ ಕಡೆಗೆ ಓರೆ ಮಾಡಿ ಉರುಳಿಸಿಕೊಂಡು ಹೊರಟಿದ್ದರು. ಇನ್ನೂ ಮುಕ್ಕಾಲು ತುಂಬಿದ್ದ ಡ್ರಮ್ಮು, ಅಂಗಳದ ಕಲ್ಲಿಗೆ ತಡೆದು ನಿಂತಿತು.

"ಇನ್ಸ್‌ಪೆಕ್ಟ್ರೆ, ಒಂದು ಕೈ ಹಿಡೀರಿ," ಅಂದರು.

ಹಿಡಿದೆ.